ವಿಮಾನದಲ್ಲಿ ಕೇಳಿದ ದನಿ

ಇಲ್ಲದ ದನಿ ಕೇಳಿಸಿತು ಎನ್ನುವವರನ್ನು ನಾನು ನಂಬುತ್ತಿರಲಿಲ್ಲ. ರಾತ್ರಿ ಪಾಳಿಯ ನಮ್ಮಂಥ ನರ್ಸುಗಳಿಗೆ ನಿದ್ದೆಗೆಟ್ಟು ಹಾಗಾಗುತ್ತದೆ ಎಂದು ನಗುತ್ತಿದ್ದೆ. ನನಗೆ ಅದು ಆದದ್ದು ಹಗಲಿನಲ್ಲಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ.

ಎಂಬತ್ತರ ದಶಕದ ಆರಂಭ. ದೇವದುರ್ಗದ ಕಡೆಯ ಹನುಮಂತ ಎಂಬ ಕೂಲಿಯವನಿಗೆ ಶೇಂಗಾ ಹೊಲದಲ್ಲಿ ಹಾವು ಕಚ್ಚಿತ್ತು. ರಾಯಚೂರಿನ ನಮ್ಮ ಆಸ್ಪತ್ರೆಗೆ ತರುವಾಗಲೇ ಮಾತು ನಿಂತಿತ್ತು, ರೆಪ್ಪೆಯೂ ಏಳುತ್ತಿರಲಿಲ್ಲ. ಗಂಟಲಿಗೆ ರಬ್ಬರ್ ಕೊಳವೆ ಇಳಿಸಿ, ಅದಕ್ಕೆ ಜೋಡಿಸಿದ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುತ್ತಿದ್ದೆವು. ಉಸಿರಾಟದ ಯಂತ್ರಕ್ಕಾಗಿ ಬೆಂಗಳೂರಿಗೆ ಒಯ್ಯಬೇಕಿತ್ತು. ಪುಣ್ಯಾತ್ಮರೊಬ್ಬರು ತಮ್ಮ ಸಣ್ಣ ವಿಮಾನ ಕೊಟ್ಟರು. ಒಳಗೆ ಪೈಲಟ್, ಹನುಮಂತ, ನಾನು, ಅಷ್ಟೇ.

ಕೊಳವೆಯ ತುದಿಯ ಸುತ್ತ ಒಂದು ಪುಟ್ಟ ಬಲೂನು ಇರುತ್ತದೆ. ಅದಕ್ಕೆ ಗಾಳಿ ತುಂಬಿದರೆ ಕೊಳವೆ ಅಲುಗದು, ಉಸಿರು ಪಕ್ಕದಿಂದ ಸೋರದು. ಮಾನ್ವಿ, ದೇವದುರ್ಗದ ಕುಣಿಬಿದ್ದ ರಸ್ತೆಗಳಲ್ಲಿ ಜೀಪಿನಲ್ಲಿ ರೋಗಿಗಳನ್ನು ಸಾಗಿಸಿ ರೂಢಿಯಾದ ನಾವು ಅದನ್ನು ಬಿಗಿಯಾಗಿಯೇ ತುಂಬುತ್ತಿದ್ದೆವು. ಅಂದೂ ಹಾಗೆಯೇ ತುಂಬಿದ್ದೆ. ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ, ಒಳಗೆ ಸಿಕ್ಕ ಗಾಳಿ ಹಿಗ್ಗುತ್ತದೆ ಎಂಬುದು ನೆಲದ ಮೇಲೆ ಓಡಾಡುವ ನಮಗೆ ಹೊಳೆದಿರಲಿಲ್ಲ.

ವಿಮಾನ ಏರುತ್ತಿದ್ದಂತೆ ಚೀಲ ಒತ್ತಲು ಗಟ್ಟಿಯಾಗತೊಡಗಿತು. ಕಫ ಕಟ್ಟಿರಬೇಕೆಂದು ಸಣ್ಣ ನಳಿಕೆ ಇಳಿಸಿ ಹೀರಿ ನೋಡಿದೆ, ಏನೂ ಬರಲಿಲ್ಲ. ಎದೆ ಏಳಲಿಲ್ಲ. ತುಟಿ ಕಪ್ಪಾಯಿತು. ಕೊಳವೆಯನ್ನೇ ಎಳೆದುಬಿಡಲೆಂದು ಕೈ ಹಾಕಿದೆ. ಎಳೆದರೆ ಮತ್ತೆ ಇಳಿಸಲು ನನಗೆ ಬರುತ್ತಿರಲಿಲ್ಲ.

ಆಗ ಎಂಜಿನ್ನಿನ ಸದ್ದಿನ ನಡುವೆ, ಕಿವಿಯ ಹತ್ತಿರವೇ, ಒಡಕು ಗಂಡುದನಿ: “ಅಕ್ಕಾರ, ಭಾಳ ಬಿಗಿ ಆಗ್ಯಾದ. ಗಾಳಿ ಸಡ್ಲ ಬಿಡ್ರಿ.”

ಹಿಗ್ಗಿದ ಬಲೂನು ಕೊಳವೆಯನ್ನೇ ಹಿಸುಕುತ್ತಿತ್ತು. ಸಿರಿಂಜಿನಿಂದ ಅದರ ಗಾಳಿ ಸ್ವಲ್ಪ ತೆಗೆದೆ. ಚೀಲ ಮೆತ್ತಗಾಯಿತು, ಎದೆ ಎದ್ದಿತು. ಪೈಲಟ್ ಕನ್ನಡ ಬಾರದ ತಮಿಳರು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆನ್ನು ಮಾಡಿ ಕೂತಿದ್ದರು.

ಕೆಲವು ವಾರಗಳ ನಂತರ ಹನುಮಂತ ಹೆಂಡತಿಯೊಂದಿಗೆ ನಮ್ಮ ವಾರ್ಡಿಗೆ ಬಂದ. ಅವನು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಾಗಿಲಲ್ಲೇ ನಿಂತು, “ಅಕ್ಕಾರ, ಆರಾಮ ಅದೀರೇನ್ರಿ?” ಎಂದ. ಅದೇ ಒಡಕು ದನಿ.

“ವಿಮಾನದಾಗ ನನ್ನ ಕೂಡ ಮಾತಾಡಿದ್ದು ನೆನಪದ ಏನಪ್ಪಾ?”

“ಹೆಂಗ ಮಾತಾಡ್ಲ್ರಿ, ಗಂಟಲಾಗ ಕೊಳವಿ ಇತ್ತಲ್ಲ? ವಿಮಾನ ಹತ್ತಿದ್ದು ಸುದ್ದಾ ಇಕಿ ಹೇಳಿದ ಮ್ಯಾಲೆ ಗೊತ್ತಾತು.”

“ಕೊಳವಿ ಇದ್ರೂ ಸುಮ್ಮನ ಇರೋ ಮನಷ್ಯಾ ಅಲ್ಲ ಬಿಡ್ರಿ ಇವ,” ಎಂದು ಹೆಂಡತಿ ನಕ್ಕಳು. “ದನಿ ಮೊದಲಿಂದ ಹಿಂಗೇ, ಒಡದ ಮಡಿಕಿ.”

ನನಗೆ ನಗು ಬರಲಿಲ್ಲ. ಬಲೂನು ಸಡಿಲವಿದ್ದರೆ ಪಕ್ಕದಿಂದ ಉಸಿರು ನುಗ್ಗಿ ದನಿ ಹೊರಡಬಹುದು. ಆ ಗಳಿಗೆಯಲ್ಲಿ ಅದು ಎಂದಿಗಿಂತ ಬಿಗಿಯಾಗಿತ್ತು. ನನಗೇ ಹೊಳೆದದ್ದು ದನಿಯಾಗಿ ಕೇಳಿಸಿತೇ? ಇರಬಹುದು. ಹಾಗಿದ್ದರೆ ಎಂದೂ ಕೇಳದ ಅವನ ದನಿ ನನಗೆ ಎಲ್ಲಿಂದ ಬಂತು?

ಆಮೇಲೆ ಕೊಳವೆ ಹಾಕಿದ ಯಾವ ರೋಗಿಯ ಬಳಿಯೂ ನಾನು ನೆಮ್ಮದಿಯಾಗಿ ಕೂರಲಿಲ್ಲ. ಗಳಿಗೆಗೊಮ್ಮೆ ಬಗ್ಗಿ, ಅವರ ಬಾಯಿಗೆ ಕಿವಿ ಇಡುತ್ತಿದ್ದೆ.