ಎಡಗಡೆಯ ಹೂವಿಗೆ ಹಚ್ಚಿದ ಬೆಲ್ಲ

ಅಮ್ಮನವರ ಎಡಗಡೆಯ ಹೂವಿಗೆ ಬೆಲ್ಲ ಹಚ್ಚಿದವಳು ನಾನು. ಆ ಹೂ ಬೀಳಬಾರದು ಅಂತಲೇ ಹಚ್ಚಿದೆ. ಕೈತಪ್ಪಿ ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ಹೂರಣಕ್ಕೆಂದು ಕುಟ್ಟಿದ ಬೆಲ್ಲ ಬೆರಳಿಗೆ ಅಂಟಿತ್ತು, ಕೈ ತೊಳೆಯಲು ನಲ್ಲಿಯವರೆಗೂ ಹೋದವಳು ತೊಳೆಯದೆ ಹಾಗೇ ದೇವರ ಮನೆಗೆ ಬಂದೆ. ಈ ಮಾತನ್ನು ಇಷ್ಟು ವರ್ಷ ಗಂಡನಿಗೂ ಹೇಳಿಲ್ಲ. ನಾಳೆ ಶುಕ್ರವಾರ. ಅದೇ ದೇವರ ಮುಂದೆ, ಇದೇ ಕೈಯಿಂದ, ನಾನು ಮತ್ತೆ ಹೂ ಇಡಬೇಕಾಗಿದೆ. ಬೆಳಿಗ್ಗೆಯಿಂದ ಎರಡು ಸಲ ಹಾಲು ಉಕ್ಕಿಸಿದೆ — ಅದಕ್ಕೇ ಬರೆಯಲು ಕೂತಿದ್ದೇನೆ.

ಹೂ ಕೇಳುವುದು ನಮ್ಮ ಅತ್ತೆಯ ಬದುಕಿನ ಪದ್ಧತಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಅವರು ತಂದಿಟ್ಟುಕೊಂಡ ಮನೆದೇವರ ಹಿತ್ತಾಳೆಯ ಮುಖ ನಮ್ಮ ದೇವರ ಮನೆಯಲ್ಲಿತ್ತು. ಅದರ ಎರಡೂ ಕೆನ್ನೆಗೆ ನೀರಲ್ಲಿ ಅದ್ದಿದ ಒಂದೊಂದು ಹೂವಿನ ಎಸಳು ಅಂಟಿಸಿ, ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳಿ, ಕಾಯುವುದು. ಅಮ್ಮನವರ ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ತೋಟದಲ್ಲಿ ಬೋರು ಎಲ್ಲಿ ಕೊರೆಸಬೇಕು, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೈಟು ಕೊಳ್ಳಬಹುದಾ — ಎಲ್ಲವೂ ಹೀಗೇ ತೀರ್ಮಾನವಾದದ್ದು. ನನ್ನನ್ನು ಸೊಸೆಯಾಗಿ ತಂದುಕೊಂಡದ್ದೂ ಹೂ ಕೇಳಿಯೇ. ನನ್ನ ಹೆಸರು ಹೇಳಿದ ಮೇಲೆ ಬಲಗಡೆಯದು ಪಟ್ಟನೆ ಬಿತ್ತಂತೆ. ಅತ್ತೆ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ನಾನು ಕಾಫಿ ಲೋಟ ಹಿಡಿದು ನಗುತ್ತಾ ನಿಲ್ಲುತ್ತಿದ್ದೆ.

ಆ ವರ್ಷ ಮಗಳು ಅನನ್ಯಳ ಪರೀಕ್ಷೆ ಮುಗಿದ ಮೇಲೆ ಕಾರಿನಲ್ಲೇ ಸಮುದ್ರಕ್ಕೆ ಹೋಗಿಬರುವುದು ಅಂತ ಮಾತಾಯಿತು. ಯಾವ ಸಮುದ್ರ ಅನ್ನುವುದೇ ಜಗಳ. ನನ್ನ ಗಂಡ ಲೋಕೇಶ ಮುರುಡೇಶ್ವರ ಅಂದ. ದೇವಸ್ಥಾನ ಇದೆ, ಊಟಕ್ಕೆ ಹೋಟೆಲಿದೆ, ಅವ್ವನಿಗೂ ಅನುಕೂಲ. ನನಗೆ ಬೇಡವಾಗಿತ್ತು. ಮುರುಡೇಶ್ವರ ಅಂದರೆ ಗುಬ್ಬಿಯ ನಾದಿನಿಯ ಮನೆಯವರೂ ಹೊರಡುತ್ತಾರೆ, ಕುಣಿಗಲ್‌ನ ಭಾವನವರೂ ಹೊರಡುತ್ತಾರೆ, ಕಾರು ಹೋಗಿ ಟೆಂಪೋ ಟ್ರಾವೆಲರ್ ಆಗುತ್ತದೆ, ಚಿತ್ರಾನ್ನದ ಡಬ್ಬಿ ಹಿಡಿದು ಎಲ್ಲರಿಗೂ ಬಡಿಸುವವಳು ನಾನೇ ಆಗುತ್ತೇನೆ. ಅದಕ್ಕಿಂತ ಹೆಚ್ಚಾಗಿ ಲೋಕೇಶನ ಫೋನು. ಟ್ರ್ಯಾಕ್ಟರ್ ಶೋರೂಮಿನ ಕೆಲಸ ಅವನದು, ಊಟಕ್ಕೆ ಕೂತರೂ ಕಿವಿಯಲ್ಲಿ ಯಾರೋ ಒಬ್ಬರು ಇರುತ್ತಿದ್ದರು. ನನಗೆ ಆ ಫೋನಿನ ಮೇಲೆ ಸವತಿಯ ಮೇಲಿನಂಥ ಸಿಟ್ಟು.

ಮೊಬೈಲಿನಲ್ಲಿ ಹುಡುಕುತ್ತಾ ಅಂಕೋಲೆಯ ಕಡೆ ಒಂದು ಜಾಗ ಸಿಕ್ಕಿತು. ಹೆಸರು ಹೇಳುವುದಿಲ್ಲ, ಜಾಗದ ತಪ್ಪೇನೂ ಇಲ್ಲ. ಡಾಂಬರು ರಸ್ತೆ ಮುಗಿದ ಮೇಲೆ ಮಣ್ಣಿನ ದಾರಿ, ಆಮೇಲೆ ಗುಡ್ಡ, ಗುಡ್ಡದಾಚೆ ಮರಳು. ಒಂದೇ ಮನೆಯಲ್ಲಿ ಉಳಿಯಲು ರೂಮು ಕೊಡುತ್ತಾರೆ. ನಾನೇ ಫೋನು ಮಾಡಿದೆ. ಆ ಮನೆಯ ಯಜಮಾನರು ಮೊದಲ ಮಾತಿಗೇ ಹೇಳಿದರು: "ನಮ್ಮಲ್ಲಿ ಫೋನ್ ಸಿಗೂದಿಲ್ಲ ಅಮ್ಮಾ, ಗುಡ್ಡ ಹತ್ತಬೇಕು. ಅರ್ಜೆಂಟ್ ಇದ್ದವರು ಬರೂದು ಬೇಡ."

ಸಿಗುವುದಿಲ್ಲ ಅಂದದ್ದಕ್ಕೇ ನನಗೆ ಆ ಜಾಗ ಬೇಕಾಯಿತು. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅರ್ಜೆಂಟು ಇತ್ತು. ನನಗೆ ಗೊತ್ತಿತ್ತು. ಅತ್ತೆಯ ಒಬ್ಬಳೇ ಅಕ್ಕ ನಂಜಮ್ಮನವರನ್ನು ಚೇಳೂರಿಗೆ ಕೊಟ್ಟಿತ್ತು. ಅವರು ಕಾಲು ಬಾತುಕೊಂಡು ಹಾಸಿಗೆ ಹಿಡಿದಿದ್ದರು. ತಾಯಿ ಬೇಗ ಹೋದದ್ದರಿಂದ ಅತ್ತೆಯನ್ನು ಪುಟ್ಟಿ ಅಂತ ಕರೆದು, ಎತ್ತಿ ಆಡಿಸಿ ಸಾಕಿದ್ದು ಆ ಅಕ್ಕನೇ. ನಾನು ಆ ಜಾಗದ ಫೋಟೋ ತೋರಿಸಿದಾಗ ಅತ್ತೆ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ನಾನು ವಾದ ಮಾಡುತ್ತಿದ್ದೆ, ಸೋತರೆ ಸೋಲುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: "ಅಕ್ಕ ಹಿಂಗವ್ಳೆ. ಇಂಥ ಟೈಮಲ್ಲಿ ಅಷ್ಟು ದೂರ ಹೋಗಬೌದಾ ಅಂತ ಅಮ್ಮನ್ನ ಒಂದ್ ಮಾತು ಕೇಳ್ಬುಡಣ ಕಣಮ್ಮಿ. ಅವ್ಳು ಕೊಟ್ರೆ ಹೋಗದು, ಇಲ್ದಿದ್ರೆ ಮುರುಡೇಶ್ವರಕ್ಕೇ ಹೋಗದು."

ಅತ್ತೆಯ ಕೈ ನಡುಗಲು ಶುರುವಾದಾಗಿನಿಂದ ಎಸಳು ಅಂಟಿಸುವ ಕೆಲಸ ನನ್ನದಾಗಿತ್ತು. ಅವರು ಕಣ್ಣು ಮುಚ್ಚಿ ಕೈಮುಗಿದು ಕೇಳುತ್ತಿದ್ದರು. ಆ ಶುಕ್ರವಾರ ನಾನು ಬಲಗಡೆಯ ಎಸಳನ್ನು ನೀರಿಗೆ ಸುಮ್ಮನೆ ತಾಗಿಸಿ ಇಟ್ಟೆ. ಎಡಗಡೆಯದಕ್ಕೆ ಬೆರಳಿನ ಬೆಲ್ಲ ಒರೆಸಿ, ಒತ್ತಿ ಅಂಟಿಸಿದೆ. ಒತ್ತುವಾಗ ಹಿತ್ತಾಳೆ ತಣ್ಣಗಿತ್ತು — ಅದು ಇವತ್ತಿಗೂ ಬೆರಳಿಗೆ ನೆನಪಿದೆ. ಬಲಗಡೆಯದು ಬಿದ್ದಾಗ ಅನನ್ಯ ಚಪ್ಪಾಳೆ ತಟ್ಟಿದಳು, ಅತ್ತೆ ಕಣ್ಣಿಗೊತ್ತಿಕೊಂಡು ಅದನ್ನು ಮುಡಿದರು. ನಾನೂ ಕೈಮುಗಿದೆ. ಅದೇ ಎಲ್ಲಕ್ಕಿಂತ ಅಸಹ್ಯ ಅನ್ನಿಸುತ್ತದೆ ಈಗ, ಆ ಕೈಮುಗಿದದ್ದು.

ಮಾರನೆಯ ದಿನ ಹೊರಟೆವು. ಹೊರಡುವ ಮೊದಲು ದೀಪ ಹಚ್ಚಲು ಹೋದ ಅತ್ತೆ "ಇದೇನಮ್ಮಿ, ಅಮ್ಮನ ಮುಖಕ್ಕೆ ಇರುವೆ ಮುತ್ಕೊಂಡವೆ" ಅಂದರು. ಎಡಗಡೆಯ ಎಸಳು ಬಾಡಿದ್ದರೂ ಬಿದ್ದಿರಲಿಲ್ಲ, ಅದರ ಸುತ್ತ ಸಣ್ಣ ಕೆಂಪಿರುವೆ. ನಾನು ಮಾತಾಡುವ ಮೊದಲೇ ಅವರು ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಟ್ಟರು. ಸದ್ಯ ಅಂದುಕೊಂಡೆ.

ತುಮಕೂರಿನಿಂದ ಹೊರಟರೆ ಗುಬ್ಬಿ ನಮ್ಮ ದಾರಿಯಲ್ಲೇ ಸಿಗುವ ಊರು. ಚೇಳೂರಿಗೆ ತಿರುಗುವುದು ಅಲ್ಲೇ. ಅತ್ತೆ ಹಿಂದಿನ ಸೀಟಿನಿಂದ ಮುಂದೆ ಬಾಗಿ ಕೇಳಿದರು: "ಒಂದ್ ಗಳಿಗೆ ಅಕ್ಕನ್ ಮೊಕ ನೋಡ್ಕಂಡ್ ಹೋಗಣೇನ್ಲಾ ಲೋಕೇಶ?" ಲೋಕೇಶ ಗಾಡಿ ನಿಧಾನ ಮಾಡಿದ. ಮಾಡಿದ, ನಾನು ಸುಳ್ಳು ಹೇಳುವುದಿಲ್ಲ, ಇಂಡಿಕೇಟರ್ ಕೂಡ ಹಾಕಿದ. ನಾನೇ ಅಂದೆ: "ಬರ್ತಾ ನೋಡ್ಕೊಂಡು ಬರೋಣ ಅತ್ತೆ, ಕತ್ತಲಾದ್ರೆ ಆ ಮಣ್ಣಿನ ದಾರಿ ಕಷ್ಟ." ಚೇಳೂರಿಗೆ ಹೋದರೆ ಕಾಫಿ, ತಿಂಡಿ, ಅಳು, ಮಾತು, ಕೊನೆಗೆ ಅತ್ತೆ ಅಲ್ಲೇ ಉಳಿಯುತ್ತೇನೆ ಅಂದುಬಿಟ್ಟರೆ... ನನ್ನ ಲೆಕ್ಕ ಅದು. ಅತ್ತೆ, "ಆಯ್ತು ಬುಡು. ಅಮ್ಮನೇ ಬಲಗಡೆ ಕೊಟ್ಟವ್ಳೆ, ಏನೂ ಆಗಕಿಲ್ಲ" ಅಂದು ಹಿಂದಕ್ಕೆ ಒರಗಿಕೊಂಡರು.

ಅವರಿಗೆ ಆ ಧೈರ್ಯ ಕೊಟ್ಟದ್ದು ನನ್ನ ಬೆಲ್ಲ.

ಸಮುದ್ರ ಚೆನ್ನಾಗಿತ್ತು. ಚೆನ್ನಾಗಿತ್ತು ಅಂತ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಿಜ. ಅತ್ತೆ ಅದಕ್ಕೆ ಮುಂಚೆ ಸಮುದ್ರ ನೋಡಿದವರಲ್ಲ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಂತು, "ಇಷ್ಟೊಂದು ನೀರು ಮಡೀಕಂಡು ನಮ್ ರಾಗಿ ಹೊಲಕ್ಕೆ ಒಂದ್ ಬಿಂದಿಗೆ ಕೊಡ್ನಿಲ್ವಲ್ಲ ಇವ್ನು" ಅಂತ ಬೈದರು. ಆ ಮನೆಯವರು ಉಪ್ಪುನೀರು ಕಾಲಿನ ಊತಕ್ಕೆ ಒಳ್ಳೆಯದು ಅಂದರೆಂದು, ಅಕ್ಕನ ಕಾಲಿಗೆ ಹಚ್ಚಲು ಒಂದು ಬಾಟಲಿ ತುಂಬಿಸಿಕೊಂಡರು. ಲೋಕೇಶ ಫೋನನ್ನು ರೂಮಿನಲ್ಲೇ ಬಿಟ್ಟು ಮಗಳ ಜೊತೆ ಮರಳಿನಲ್ಲಿ ಓಡಿದ. ನಾನು ಗೆದ್ದೆ ಅಂದುಕೊಂಡು ಕಾಲು ಚಾಚಿ ಕೂತಿದ್ದೆ. ಆ ಹೊತ್ತಿಗೆ ಚೇಳೂರಿನಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಆಮೇಲೆ ಕೂಡಿಸಿ ನೋಡಿದ್ದೇನೆ, ಎಷ್ಟೋ ಸಲ.

ಮಾರನೆಯ ದಿನ ಪೆಟ್ರೋಲಿಗೆಂದು ಪೇಟೆಗೆ ಹೋದ ಲೋಕೇಶ ವಾಪಸು ಬಂದವನು ನೇರ ಅತ್ತೆಯ ಹತ್ತಿರ ಹೋದ. ಗುಡ್ಡ ದಾಟುತ್ತಲೇ ಫೋನಿಗೆ ಜೀವ ಬಂದಿತ್ತು, ಚೇಳೂರಿನವರು ಕರೆದ ಕರೆಗಳೆಲ್ಲ ಒಟ್ಟಿಗೆ ಬಂದು ಬಿದ್ದಿದ್ದವು. "ಅವ್ವಾ... ದೊಡ್ಡವ್ವ..." ಅಂದ.

ಅತ್ತೆ ಕೇಳಿದ್ದು, "ಯಾವಾಗ್ಲಾ?"

"ನಿನ್ನೆ."

"ಮಣ್ಣಾಯ್ತಾ?"

ಲೋಕೇಶ ಸಮುದ್ರದ ಕಡೆ ನೋಡಿದ.

ದಾರಿಯುದ್ದಕ್ಕೂ ಅತ್ತೆ ಅಳಲಿಲ್ಲ. ಬಾಟಲಿ ತೊಡೆಯ ಮೇಲಿತ್ತು. ಚೇಳೂರಿನಲ್ಲಿ ನಂಜಮ್ಮನವರ ಸೊಸೆ ಅತ್ತೆಯನ್ನು ತಬ್ಬಿಕೊಂಡು ಹೇಳಿದಳು: "ಕೊನೇಗಂಟ ಪುಟ್ಟಿ ಬಂದ್ಲಾ, ಪುಟ್ಟಿ ಬಂದ್ಲಾ ಅಂತಿದ್ರು ಚಿಕ್ಕತ್ತೆ. ಫೋನ್ ಮಾಡಿ ಮಾಡಿ ಸಾಕಾಯ್ತು. ಎಷ್ಟೊತ್ತು ಅಂತ ಕಾಯದು?" ಮೂರನೆಯ ದಿನ ಎಲ್ಲರೂ ಸಮಾಧಿಗೆ ಹಾಲುತುಪ್ಪ ಬಿಟ್ಟರು. ಅತ್ತೆ ಕೊನೆಗೆ ಹೋಗಿ, ಕಾಲಿನ ಕಡೆ ಯಾವುದು ಅಂತ ಕೇಳಿ, ಅಲ್ಲಿ ಆ ಬಾಟಲಿಯ ನೀರು ಸುರಿದರು. ನಾನು ಅವರ ಪಕ್ಕದಲ್ಲೇ ಇದ್ದೆ, ಜಾರದಂತೆ ತೋಳು ಹಿಡಿದುಕೊಂಡಿದ್ದೆ. ಒಳ್ಳೆಯ ಸೊಸೆ ಅಂತ ಯಾರೋ ಅಂದದ್ದೂ ಕೇಳಿಸಿತು.

ಆಗಲೇ ಹೇಳಬಹುದಿತ್ತು. ಹೇಳಬೇಕೆಂದು ಮನೆಗೆ ಬಂದ ಮೇಲೆ ಒಂದು ದಿನ ಅವರ ಹತ್ತಿರ ಕೂತೆ ಕೂಡ. ಅವರೇ ಮೊದಲು ಮಾತು ತೆಗೆದರು. "ಹೊರಡೋ ದಿನ ಅಮ್ಮನ ಮೊಕಕ್ಕೆ ಇರುವೆ ಮುತ್ತಿದ್ವಲ್ಲ, ಅದು ಹೋಗ್ಬ್ಯಾಡ ಅಂತ ಹೇಳಿದ್ದು ಕಣಮ್ಮಿ. ಮೊದ್ಲು ಕೊಟ್ಟಿದ್ರೂ ಮನಸು ತಡೀದೆ ಮತ್ತೆ ಹೇಳವ್ಳೆ. ನಾನು ಕುರುಡಿ, ಬಟ್ಟೆ ತಗಂಡು ಒರೆಸಿ ಬಿಸಾಕ್ದೆ. ಅವ್ಳ ಮಾತು ತಿಳಿಯೋ ಯೋಗ್ಯತೆ ನಂಗಿಲ್ಲ."

"ಅಂಗೆಲ್ಲ ಅನ್ಕೋಬೇಡಿ ಅತ್ತೆ" ಅಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ. ಅವರು ಆ ಹಿತ್ತಾಳೆ ಮುಖವನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗಿಟ್ಟರು. ಆಮೇಲೆ ಯಾವುದಕ್ಕೂ ಹೂ ಕೇಳಲಿಲ್ಲ. ಎಲ್ಲರೂ ಅಕ್ಕ ಹೋದ ದುಃಖ ಅಂದುಕೊಂಡರು. ನಾನು ಅವರಿಂದ ಅಕ್ಕನ ಕೊನೆಯ ಮುಖ ಕಿತ್ತುಕೊಂಡೆ, ಅದೊಂದೇ ಆಗಿದ್ದರೆ... ದಿನಾ ಮಾತಾಡಿಸುತ್ತಿದ್ದ ದೇವರನ್ನೂ ಕಿತ್ತುಕೊಂಡೆ. ತಪ್ಪನ್ನು ಅವರ ತಲೆಯ ಮೇಲೆಯೇ ಬಿಟ್ಟೆ.

ಅನನ್ಯ ಈಗ ಕಾಲೇಜಿನಲ್ಲಿದ್ದಾಳೆ. ಹೋದ ವಾರ ಅತ್ತೆಗೆ ಎದೆ ಹಿಡಿದುಕೊಂಡಿತು. ಹೃದಯದ ಒಂದು ನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಲೇಬೇಕು, ತಡ ಮಾಡಬೇಡಿ ಅಂದರು ಡಾಕ್ಟರು. ಅತ್ತೆ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಲೋಕೇಶ ರೇಗಿದ, ಅತ್ತ. ಅದಕ್ಕೆ ಅವರು, "ಯಾರನ್ನ ಕೇಳ್ಲಿ ನಾನು? ಕೇಳಕ್ಕೆ ಯಾರವ್ರೆ ನಂಗೆ?" ಅಂದರು. ಕೊನೆಗೆ ನಿನ್ನೆ ನನ್ನನ್ನು ಕರೆದು ಬೀರುವಿನ ಕೀ ಕೊಟ್ಟರು. "ನಾನು ಕೇಳಲ್ಲ. ನೀನು ಕೇಳು. ನಿನ್ ಕೈಲಿ ಯಾವ ತಪ್ಪೂ ಇಲ್ಲ. ಶುಕ್ರವಾರ ಹೂ ಇಡು, ಅವ್ಳು ಏನಂತಾಳೋ ಅಂಗೇ ಮಾಡಣ."

ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ ಅಂದರು. ನನಗೆ.

ಲೋಕೇಶ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿ ಹೋದ: "ಹೆಂಗಾದ್ರೂ ಮಾಡಿ ಒಪ್ಸು ಕಣೇ." ಅವನಿಗೆ ಏನೂ ಗೊತ್ತಿಲ್ಲ. ಆದರೆ ಅವನು ಹಾಗೆ ಹೇಳುವಾಗ ನಾನು ನೋಡುತ್ತಿದ್ದದ್ದು ಬೆಲ್ಲದ ಡಬ್ಬಿಯನ್ನು. ಚಿಟಿಕೆಯಷ್ಟು ಸಾಕು. ಬಲಗಡೆಯದು ಬೀಳುತ್ತದೆ, ಅವರು ಆಸ್ಪತ್ರೆಗೆ ಬರುತ್ತಾರೆ, ಬದುಕುತ್ತಾರೆ. ಈ ಸಲ ಒಳ್ಳೆಯದಕ್ಕಲ್ಲವಾ — ಹೀಗೆ ಯೋಚಿಸುತ್ತೇನೆ. ಆ ಸಲವೂ ನನಗೆ ಎಲ್ಲರ ಒಳ್ಳೆಯದಕ್ಕೇ ಅನ್ನಿಸಿತ್ತು. ಬೆಲ್ಲವಿಲ್ಲದೆ ಇಟ್ಟು ಎಡಗಡೆಯದು ಬಿದ್ದರೆ? ನಿಜ ಹೇಳಿದರೆ ಆ ಹೃದಯ ತಡೆದೀತಾ? ನನ್ನ ಮೇಲಿನ ಸಿಟ್ಟಿಗೇ ಆಸ್ಪತ್ರೆ ಬೇಡ ಅಂದುಬಿಟ್ಟರೆ? ನನ್ನ ಕೈಯ ನೀರು ಬೇಡ ಅಂದರೆ? ಒಂದು ಮಾತ್ರ ಗೊತ್ತು. ತಾನು ದೇವರ ಮಾತು ತಿಳಿಯದ ಕುರುಡಿ ಅಂದುಕೊಂಡು ಅವರು ಆಪರೇಷನ್ ಟೇಬಲ್ ಮೇಲೆ ಮಲಗಬಾರದು. ಅವರಿಗೆ ಬಂದ ಯಾವ ಮಾತನ್ನೂ ಅವರು ತಪ್ಪಾಗಿ ತಿಳಿದಿರಲಿಲ್ಲ. ಆ ಮಾತು ಅಮ್ಮನವರದೇ ಆಗಿರಲಿಲ್ಲ.

ನಾಳೆ ಪೂಜೆಗೆ ಮುಂಚೆ ಹೇಳುತ್ತೇನೆ ಅಂತ ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ರೂಮಿನಿಂದ ಕೆಮ್ಮು ಕೇಳಿಸಿತು, ಮಧ್ಯಾಹ್ನದ ನಿದ್ದೆಯಿಂದ ಎದ್ದಿದ್ದಾರೆ. "ಶೈಲಾ, ಹೂವ ತರ್ಸಿದ್ಯೇನಮ್ಮಿ?" ಅನ್ನುತ್ತಿದ್ದಾರೆ. ನಾಳೆಗೆ ಬಿಟ್ಟರೆ ನಾನು ಹೇಳುವುದಿಲ್ಲ, ನನ್ನನ್ನು ನಾನು ಬಲ್ಲೆ. ಗುಬ್ಬಿಯಲ್ಲಿ "ಬರ್ತಾ ನೋಡ್ಕೊಂಡು ಬರೋಣ" ಅಂದವಳು ನಾನು. ಕೈ ತೊಳೆದುಕೊಂಡು ಈಗಲೇ ಹೋಗುತ್ತೇನೆ. ಮುಂದಿನದೇನೂ ಗೊತ್ತಿಲ್ಲ, ಮೊದಲ ಮಾತು ಮಾತ್ರ ಸಿದ್ಧವಾಗಿದೆ:

ಅತ್ತೆ, ಅವತ್ತು ಇರುವೆ ಬಂದಿದ್ದು ಬೆಲ್ಲಕ್ಕೆ. ಹಚ್ಚಿದ್ದು ನಾನು.