ಪಾಲಣ್ಣನ ಪಾರ್ಕಿಂಗ್ ರೊಪ್ಪ

ಚಿತ್ರದುರ್ಗದ ಕೋಟೆ ರಸ್ತೆಯ ಪಾರ್ಕಿಂಗಿನಲ್ಲಿ ಗಾಡಿ ಎಣಿಸಲು ಕ್ಯಾಮೆರಾ, ಖಾಲಿ ಜಾಗ ತೋರಿಸಲು ಬೋರ್ಡು ಬಂದಿವೆ. ಕಾವಲಿನ ಪಾಲಣ್ಣ ಮಾತ್ರ ಕುರಿ ಕಾಯುತ್ತಿದ್ದ ಕಾಲದ ಸಿಳ್ಳೆ ಬಿಟ್ಟಿಲ್ಲ. ವ್ಯಾನು ಅವನಿಗೆ ಟಗರು, ಸ್ಕೂಟರು ಮರಿ. “ಲೇ ಕೆಂದಾ, ಗುಂಪು ಬಿಟ್ಟು ಎಲ್ಲಿಗೆ ಹೊಂಟೆ? ಒಳಕ್ಕೆ ಸರಿ!” ಎಂದು ಕೆಂಪು ಕಾರನ್ನು ಗದರಿದರೆ, ಒಳಗಿದ್ದ ಸಾಹೇಬರು ತೆಪ್ಪಗೆ ಸ್ಟೇರಿಂಗ್ ತಿರುಗಿಸುತ್ತಾರೆ. ಸಂಜೆ ಕೊನೆಯ ಗಾಡಿಯೂ ಹೋಗಿ ಬೋರ್ಡಿನಲ್ಲಿ ‘ಪೂರ್ತಿ ಖಾಲಿ’ ಎಂದು ಮೂಡಿದೊಡನೆ, ಕಳೆದ ವರ್ಷ ಕುರಿಯೆಲ್ಲ ಮಾರಿದ ಪಾಲಣ್ಣನಿಗೆ ಕಸಿವಿಸಿ. ಹೆಗಲ ಕಂಬಳಿಯನ್ನು ಮೂಲೆಯ ಜಾಗದಲ್ಲಿ ಅಗಲಕ್ಕೆ ಹಾಸುತ್ತಾನೆ. ಕ್ಯಾಮೆರಾ ಅದನ್ನೂ ಕಾರೆಂದು ಎಣಿಸಿ, ಬೋರ್ಡಿನಲ್ಲಿ ‘ಗಾಡಿ: ಒಂದು’ ಎಂದು ತೋರಿಸುತ್ತದೆ. “ಕುರಿ ರೊಪ್ಪ ಖಾಲಿ ಬಿಟ್ಟು ಹೋಗಬಾರ್ದು. ಒಂದೈತೆ, ನೋಡ್ಕಂಡಿರಪ್ಪ,” ಎಂದು ಕ್ಯಾಮೆರಾಕ್ಕೆ ಹೇಳಿ, ಚಳಿಗೆ ಕೈಕಟ್ಟಿಕೊಂಡು ಬರಿ ಹೆಗಲಲ್ಲಿ ಮನೆಗೆ ನಡೆಯುತ್ತಾನೆ.