ಚಹಾದ ತಪ್ಪೇ ಆಗಿರಲಿ

ಭಾಲ್ಕಿಯ ಬಳೆಗಾರ್ತಿ ಮಹಮೂದಾ ಬೇಗಂ ಕ್ಯಾನ್ಸರ್ ಬಂದ ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡು ಮೂರು ವರ್ಷಗಳಾಗಿದ್ದವು. ಗ್ರಂಥಿಯ ಕೆಲಸವನ್ನು ಈಗ ಒಂದು ಪುಟ್ಟ ಗುಳಿಗೆ ಮಾಡುತ್ತಿತ್ತು. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಮುಂದೆ ಒಂದು ಗಂಟೆ ಏನನ್ನೂ ಮುಟ್ಟಬಾರದು. ಆರು ತಿಂಗಳಿಗೊಮ್ಮೆ ಬೀದರಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದಳು. ವರದಿಯಲ್ಲಿ ಅವಳು ಹುಡುಕುತ್ತಿದ್ದದ್ದು ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಸಾಲನ್ನು. ಥೈರಾಯ್ಡ್ ಜೀವಕೋಶಗಳಷ್ಟೇ ತಯಾರಿಸುವ ಆ ಪ್ರೋಟೀನು, ಗ್ರಂಥಿಯಿಲ್ಲದವಳ ರಕ್ತದಲ್ಲಿ ಹೆಚ್ಚುತ್ತ ಹೋದರೆ ರೋಗ ಮರಳಿದೆಯೆಂಬ ಅನುಮಾನ. ಮೂರು ವರ್ಷವೂ ಅದು ಕಂಡಿರಲಿಲ್ಲ.

ಆ ಸಲದ ರಂಜಾನಿನಲ್ಲಿ ಅವಳು ಗುಳಿಗೆಯನ್ನು ನಸುಕಿನ ಸಹರಿ ಊಟದ ಗಟ್ಟಿ ಹಾಲಿನ ಚಹಾದ ಜೊತೆಗೇ ನುಂಗಿದಳು. ಅಜಾನ್ ಆಗುವುದರೊಳಗೆ ಊಟ ಮುಗಿಸುವ ಅವಸರದಲ್ಲಿ ಒಂದು ಗಂಟೆ ಕಾಯುವುದು ಎಲ್ಲಿಂದ ಬರಬೇಕು? ಮೂರನೆಯ ವಾರಕ್ಕೆ ಮೈ ಭಾರವಾಯಿತು, ಕೈ ಬಾತಿತು. ಬಳೆ ತೊಡಿಸಿಕೊಳ್ಳುತ್ತಿದ್ದ ಕೇಶರಬಾಯಿ ಅದನ್ನು ಗಮನಿಸಿ ನಕ್ಕಳು.

"ಬೇಗಂ ಅಕ್ಕಾ, ನಮ್ಮ ಕೈ ಒತ್ತಿ ಒತ್ತಿ ಸಣ್ಣ ಬಳಿ ತೊಡಸ್ತಿ, ನಿನ್ನ ಕೈಗೇ ಈಗ ದೊಡ್ಡ ಅಳತಿ ಬೇಕಾಗ್ಯಾದ. ರೋಜಾ ಇದ್ದೀಯೋ, ಕದ್ದು ಜಿಲೇಬಿ ತಿಂದೀಯೋ?"

ಹಬ್ಬದ ನಂತರದ ವರದಿಯಲ್ಲಿ ಟಿಎಸ್‌ಎಚ್ ಹಾರ್ಮೋನು ಹದಿನಾರಕ್ಕೆ ಏರಿತ್ತು. ಮೂರು ವರ್ಷ ಕಾಣದಿದ್ದ ಪ್ರೋಟೀನು ಎರಡಾಗಿತ್ತು. ಚಹಾದ ಸಂಗತಿ ಕೇಳಿದ ಡಾಕ್ಟರು, ಹಾಲು ಚಹಾ ಗುಳಿಗೆಯನ್ನು ಮೈಗೆ ಹತ್ತಗೊಡುವುದಿಲ್ಲ, ಆಗ ಟಿಎಸ್‌ಎಚ್ ಏರಿ ಅಳಿದುಳಿದ ಜೀವಕೋಶಗಳನ್ನು ಕೆಣಕುತ್ತದೆ, ಪ್ರೋಟೀನು ಅದರಿಂದಲೂ ಏರಿರಬಹುದು ಎಂದು ವಿವರಿಸಿದರು. ಎರಡು ತಿಂಗಳು ಗುಳಿಗೆ ಸರಿಯಾಗಿ ತೆಗೆದುಕೊಂಡು ಬರಲಿ. ಎರಡೂ ಇಳಿದರೆ ಚಹಾದ ತಪ್ಪು.

ತನ್ನ ಕೈಯಿಂದಾದ ತಪ್ಪನ್ನು ಯಾರೂ ಅಷ್ಟು ಆಸೆಯಿಂದ ಅಪ್ಪಿಕೊಂಡಿರಲಾರರು. ಗಂಡ ಅಬ್ದುಲ ಸಮದ ಅವಳ ಅಜ್ಞಾನವನ್ನು ದಿನವೂ ಎತ್ತಿ ಆಡಿದ. ಅವಳು ಹೌದೆಂದು ಒಪ್ಪಿಕೊಂಡಳು. ಗುಳಿಗೆ ನುಂಗಿ ಗಡಿಯಾರದ ಮುಂದೆ ಕೂತಳು. ಬಾವು ಇಳಿಯಿತು, ನಡಿಗೆಗೆ ಬಿರುಸು ಬಂತು. ಅವಳ ಧೈರ್ಯವೂ ಬೆಳೆಯಿತು.

ಜೂನ್ ತಿಂಗಳ ವರದಿಯನ್ನು ಡಾಕ್ಟರು ಎರಡು ಸಲ ಓದಿದರು. ಟಿಎಸ್‌ಎಚ್ ಹದಿನಾರರಿಂದ ಒಂದಕ್ಕಿಂತ ಕೆಳಗೆ, ಅರ್ಧಕ್ಕೆ ಇಳಿದಿತ್ತು. ಪ್ರೋಟೀನು ಐದಾಗಿತ್ತು.

"ಗುಳಿಗಿ ಹತ್ತ್ಯಾದಲ್ರೀ ಸಾಹೇಬ್ರ?" ಎಂದಳು.

"ಛಲೋ ಹತ್ತ್ಯಾದ ಬೇಗಂ. ಅದಕ್ಕೇ ಇದು ಚಹಾದ್ದಲ್ಲ ಅಂತೇನಿ."

ಕುತ್ತಿಗೆಯ ಸ್ಕ್ಯಾನಿಗೆ ಶುಕ್ರವಾರ ಬರಬೇಕೆಂದು ಚೀಟಿ ಸಿಕ್ಕಿತು. ಬಸ್ ನಿಲ್ದಾಣದಿಂದಲೇ ಅವಳು ನಾದಿನಿ ಆಬೇದಾಳಿಗೆ ಫೋನು ಮಾಡಿ, ತನ್ನ ಬಳೆಯ ಕೆಲಸ ನೋಡಿಕೊಳ್ಳಲು ಹೇಳಿ, ಯಾವ ಓಣಿಯಲ್ಲಿ ಮದುವೆಯಿದೆ, ಯಾರ ಕೈ ಬಿರುಸು, ಯಾರದು ಬೇಗ ನೋಯುತ್ತದೆ ಎಂದು ಒಂದೊಂದಾಗಿ ತಿಳಿಸಿದಳು. ಎಷ್ಟು ದಿನಕ್ಕೆಂದು ಆಬೇದಾ ಕೇಳಿದಳು. ಡಾಕ್ಟರು ತನಗೂ ಹೇಳಿಲ್ಲವೆಂದು ಉತ್ತರಿಸಿ ಮಹಮೂದಾ ಬೇಗಂ ಭಾಲ್ಕಿಯ ಬಸ್ಸು ಹತ್ತಿದಳು.